ಶೆರಿ: ವ್ಯಾಪಾರವೇ ಬೆಳೆಸಿದ ತಪ್ಪು ತಿಳಿವಳಿಕೆಗಳು

ವ್ಯಾಪಾರ ಮೇಳಗಳಿಗೆಂದೋ ಖರೀದಿದಾರರ ಭೇಟಿಗೆಂದೋ ಯುರೋಪಿಗೆ ಹೋಗಿಬರುವ ನಮ್ಮ ವರ್ತಕ ಬಂಧುಗಳನ್ನು ಶೆರಿಯ ಬಗೆಗೆ ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಅದು ಕಂದು ಬಣ್ಣದ, ಸಿಹಿಯಾದ, ಊಟಕ್ಕೆ ಮೊದಲು ವಯಸ್ಸಾದವರು ಪುಟ್ಟ ಲೋಟದಲ್ಲಿ ಗುಟುಕರಿಸುವ ಪಾನೀಯ. ಕೆಲವರು ಅದನ್ನು ಬ್ರಾಂದಿಯ ಒಂದು ಬಗೆಯೆಂದು ತಿಳಿದಿದ್ದಾರೆ. ಇನ್ನು ಕೆಲವರಿಗೆ ಅದು ಚೀನೀ ಅಡುಗೆಯ ಪುಸ್ತಕಗಳಲ್ಲಿ 'ಎರಡು ಚಮಚ' ಎಂದು ನಮೂದಾಗಿರುವ ಒಂದು ಪದಾರ್ಥ. ಬ್ರಾಂದಿಯ ಮಾತನ್ನು ಬಿಟ್ಟರೆ ಈ ಉತ್ತರಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದೂ ಆ ವೈನಿನ ನಿಜ ಸ್ವರೂಪವನ್ನು ತಿಳಿಸುವುದಿಲ್ಲ. ಶೆರಿಯ ತವರೂರಿನ ಜನ ನಿತ್ಯ ಕುಡಿಯುವುದು ಹುಲ್ಲಿನ ಬಣ್ಣದ, ಸಕ್ಕರೆಯ ಸುಳಿವೇ ಇಲ್ಲದ, ಮಂಜಿನಂತೆ ತಣ್ಣಗಿರುವ ಬೇರೆಯೇ ಒಂದು ವೈನ್.

ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಈ ಲೇಖನದ ಉದ್ದೇಶವಲ್ಲ. ಕುಡಿಯುವ ಅಭ್ಯಾಸವಿಲ್ಲದ ಓದುಗರೂ ಇದನ್ನು ಒಂದು ಸರಕಿನ ಚರಿತ್ರೆಯಾಗಿ ಓದಬಹುದು. ಶೆರಿಯ ಬಗೆಗಿನ ತಪ್ಪು ತಿಳಿವಳಿಕೆಗಳನ್ನು ಹುಟ್ಟುಹಾಕಿದವರು ಅಜ್ಞಾನಿಗಳಾದ ಗ್ರಾಹಕರಲ್ಲ. ತಯಾರಕರು, ರಫ್ತುದಾರರು, ಮಾರಾಟಗಾರರು ಇವರೆಲ್ಲ ತಮ್ಮ ತಮ್ಮ ತಾತ್ಕಾಲಿಕ ಅನುಕೂಲಕ್ಕಾಗಿ ಅವುಗಳನ್ನು ಒಂದೊಂದಾಗಿ ನೆಟ್ಟು, ನೀರೆರೆದು ಬೆಳೆಸಿದರು. ತೆತ್ತ ಬೆಲೆ ಸಣ್ಣದಲ್ಲ. ಒಂದು ಕಾಲಕ್ಕೆ 20,000 ಹೆಕ್ಟೇರುಗಳನ್ನು ಮೀರಿ ಹರಡಿದ್ದ ಅಲ್ಲಿನ ದ್ರಾಕ್ಷಿ ತೋಟಗಳು ಇಂದು ಸುಮಾರು 7,000 ಹೆಕ್ಟೇರುಗಳಿಗೆ ಕುಗ್ಗಿವೆ.

ಊರು ಮತ್ತು ಹೆಸರು

ಸ್ಪೇನ್ ದೇಶದ ದಕ್ಷಿಣ ತುದಿಯಲ್ಲಿ, ಆಂದಲೂಸಿಯಾ ಪ್ರಾಂತದ ಕಾದಿಸ್ ಜಿಲ್ಲೆಯಲ್ಲಿ ಹೆರೆಸ್ ದೆ ಲಾ ಫ್ರೊಂತೆರಾ ಎಂಬ ಪಟ್ಟಣವಿದೆ. ಅದರ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ, ಸಾನ್‌ಲೂಕರ್ ದೆ ಬರ್ರಾಮೇದಾ ಮತ್ತು ಎಲ್ ಪುಯೆರ್ತೊ ದೆ ಸಾಂತಾ ಮರಿಯಾ ಎಂಬ ಎರಡು ಬಂದರು ಊರುಗಳಿವೆ. ಶೆರಿಯ ಚರಿತ್ರೆಯೆಲ್ಲ ಈ ಮೂರು ಊರುಗಳ ತ್ರಿಕೋನದಲ್ಲಿ ನಡೆದಿದೆ. ಅರಬರ ಆಳ್ವಿಕೆಯಲ್ಲಿ ಹೆರೆಸ್ ಪಟ್ಟಣಕ್ಕೆ ಶೆರಿಶ್ ಎಂಬ ಹೆಸರಿತ್ತು. ಇಂಗ್ಲಿಷರ ಬಾಯಲ್ಲಿ ಅದು ಶೆರಿಸ್ ಆಯಿತು. ಕೊನೆಯ ಸಕಾರವನ್ನು ಬಹುವಚನದ ಪ್ರತ್ಯಯವೆಂದು ಭ್ರಮಿಸಿ ಅವರು ಅದನ್ನು ಕತ್ತರಿಸಿದ್ದರಿಂದ ಶೆರಿ ಉಳಿಯಿತು. ಹೀಗೆ ಹೆಸರೇ ಒಂದು ತಪ್ಪು ತಿಳಿವಳಿಕೆಯ ಫಲ.

ಇಂಗ್ಲೆಂಡಿನೊಡನೆ ಈ ವೈನಿನ ನಂಟು ಹಳೆಯದು. 1587ರಲ್ಲಿ ಫ್ರಾನ್ಸಿಸ್ ಡ್ರೇಕ್ ಕಾದಿಸ್ ಬಂದರಿನ ಮೇಲೆ ದಾಳಿ ಮಾಡಿ ಸುಮಾರು 2,900 ಪೀಪಾಯಿ ಶೆರಿಯನ್ನು ಹೊತ್ತೊಯ್ದ. ಷೇಕ್ಸ್‌ಪಿಯರನ ಫಾಲ್‌ಸ್ಟಾಫ್ ಅದರ ಗುಣಗಾನವನ್ನು ರಂಗದ ಮೇಲೆಯೇ ಮಾಡಿದ. ಮುಂದೆ ಬ್ರಿಟಿಷ್ ಮತ್ತು ಐರಿಷ್ ವರ್ತಕರು ಹೆರೆಸ್‌ಗೇ ಬಂದು ನೆಲೆಸಿದರು. ಓಸ್ಬೋರ್ನ್, ಗಾರ್ವಿ, ಸ್ಯಾಂಡೆಮನ್, ವಿಲಿಯಮ್ಸ್ ಅಂಡ್ ಹಂಬರ್ಟ್ ಮುಂತಾದ ಸಂಸ್ಥೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಒಂದೇ ಮಾರುಕಟ್ಟೆಯನ್ನು ನಂಬಿಕೊಂಡ ಉದ್ಯಮ ಆ ಮಾರುಕಟ್ಟೆಯ ನಾಲಿಗೆಗೆ ತಕ್ಕಂತೆ ಬದಲಾಗುವುದು ಸಹಜವೇ. ಅದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಈ ವೈನ್ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಸೇವಿಸುವ ಕ್ರಮದಲ್ಲಿ ಹೇಳಬೇಕಾದುದೆಲ್ಲ ತಯಾರಿಕೆಯ ಕ್ರಮದಿಂದಲೇ ಹೊರಡುತ್ತದೆ.

ಕೆನೆ ಕಟ್ಟುವ ವೈನ್

ಹೆರೆಸ್ ಸುತ್ತಲಿನ ದಿಬ್ಬಗಳ ಮಣ್ಣು ಸುಣ್ಣದ ಅಂಶದಿಂದ ಬೆಳ್ಳಗಿರುತ್ತದೆ. ಬೇಸಗೆಯಲ್ಲಿ ಕಣ್ಣು ಕೋರೈಸುವ ಈ ಮಣ್ಣನ್ನು ಅಲ್ಬಾರಿಸಾ ಎನ್ನುತ್ತಾರೆ. ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ಕೊಯ್ಲು ಮುಗಿದ ಮೇಲೆ ಬಳ್ಳಿಯ ಸಾಲುಗಳ ನಡುವೆ ಆಯತಾಕಾರದ ಗುಣಿಗಳನ್ನು ತೆಗೆದು, ಬಿದ್ದ ನೀರು ಇಳಿಜಾರಿನಲ್ಲಿ ಹರಿದುಹೋಗದಂತೆ ತಡೆಯುತ್ತಾರೆ. ನಮ್ಮ ಬಯಲುಸೀಮೆಯ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಣ್ಣು ಸ್ಪಂಜಿನಂತೆ ನೀರು ಹೀರಿಕೊಂಡು, ಬೇಸಗೆಯಲ್ಲಿ ಮೇಲ್ಪದರ ಗಟ್ಟಿಯಾಗಿ, ಒಳಗಿನ ತೇವವನ್ನು ಬಳ್ಳಿಗೆ ಉಳಿಸಿಕೊಡುತ್ತದೆ. ಅಲ್ಲಿ ಬೆಳೆಯುವುದು ಬಹುತೇಕ ಪಾಲೊಮಿನೊ ಎಂಬ ಬಿಳಿ ದ್ರಾಕ್ಷಿ. ಅದರಿಂದ ಸಾಧಾರಣವಾದ, ತಟಸ್ಥ ರುಚಿಯ ಬಿಳಿ ವೈನ್ ಸಿದ್ಧವಾಗುತ್ತದೆ. ಆ ವೈನಿಗೆ ಶೆರಿಯ ಗುಣಗಳು ಬರುವುದು ಅನಂತರ, ಉಗ್ರಾಣದಲ್ಲಿ.

ಸಿದ್ಧವಾದ ವೈನಿಗೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಮದ್ಯಸಾರವನ್ನು ಸ್ವಲ್ಪ ಬೆರೆಸುವುದು ರೂಢಿ. ಇಲ್ಲಿ ದಾರಿ ಕವಲೊಡೆಯುತ್ತದೆ. ನಾಜೂಕಾದ ವೈನಿನ ಮದ್ಯಸಾರವನ್ನು ಶೇಕಡಾ 15ರ ಮಟ್ಟಕ್ಕೆ ಏರಿಸಿ, ಸುಮಾರು 600 ಲೀಟರ್ ಹಿಡಿಯುವ ಅಮೆರಿಕನ್ ಓಕ್ ಪೀಪಾಯಿಗಳಲ್ಲಿ ಆರರಲ್ಲಿ ಐದು ಪಾಲು ಮಾತ್ರ ತುಂಬುತ್ತಾರೆ. ಖಾಲಿ ಬಿಟ್ಟ ಜಾಗದ ಗಾಳಿಯಲ್ಲಿ, ವೈನಿನ ಮೇಲ್ಮೈಯಲ್ಲಿ, ಯೀಸ್ಟ್ ಜೀವಿಗಳು ಕೆನೆಯಂಥ ಒಂದು ಪದರವನ್ನು ತಾವಾಗಿಯೇ ಕಟ್ಟುತ್ತವೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದನ್ನು ಫ್ಲೋರ್, ಅಂದರೆ ಹೂವು, ಎನ್ನುತ್ತಾರೆ. ಈ ಪದರ ವೈನಿಗೆ ಗಾಳಿ ತಾಗದಂತೆ ಕಾಯುತ್ತದೆ; ಜೊತೆಗೆ ವೈನಿನಲ್ಲಿ ಉಳಿದಿರುವ ಸಕ್ಕರೆಯ ಕಣಗಳನ್ನೂ, ಗ್ಲಿಸರಾಲನ್ನೂ, ಒಂದಿಷ್ಟು ಮದ್ಯಸಾರವನ್ನೂ ತಿಂದು ಬದುಕುತ್ತದೆ. ಆದ್ದರಿಂದ ಹೊರಬರುವ ವೈನ್ ತೆಳುಬಣ್ಣದ್ದು, ಸಂಪೂರ್ಣ ಒಣ ರುಚಿಯದು, ಹಸಿ ಬಾದಾಮಿ ಮತ್ತು ಹುಳಿಬಂದ ಹಿಟ್ಟಿನ ಪರಿಮಳದ್ದು. ಇದೇ ಫಿನೊ. ಸಾನ್‌ಲೂಕರ್‌ನಲ್ಲಿ ಕಡಲ ಗಾಳಿಯ ತೇವ ಹೆಚ್ಚಿರುವುದರಿಂದ ಕೆನೆ ವರ್ಷವಿಡೀ ದಪ್ಪವಾಗಿ ನಿಲ್ಲುತ್ತದೆ. ಅಲ್ಲಿ ಮಾಗಿದ ಫಿನೊ ವೈನಿಗೆ ಮನ್ಸಾನಿಯಾ ಎಂಬ ಪ್ರತ್ಯೇಕ ಹೆಸರಿದೆ.

ಇನ್ನೊಂದು ಕವಲಿನಲ್ಲಿ ಮದ್ಯಸಾರವನ್ನು ಶೇಕಡಾ 17ಕ್ಕೂ ಮೇಲೆ ಏರಿಸುತ್ತಾರೆ. ಆ ಮಟ್ಟದಲ್ಲಿ ಕೆನೆಯ ಯೀಸ್ಟ್ ಬದುಕಲಾರದು. ಗಾಳಿ ನೇರವಾಗಿ ತಾಗುತ್ತಾ ವರ್ಷದಿಂದ ವರ್ಷಕ್ಕೆ ವೈನ್ ಕಂದು ಬಣ್ಣಕ್ಕೆ ತಿರುಗಿ, ಅಕ್ರೋಟದ ಪರಿಮಳವನ್ನು ಪಡೆಯುತ್ತದೆ. ಇದು ಒಲೊರೊಸೊ. ಕೆಲವು ವರ್ಷ ಕೆನೆಯ ಕೆಳಗಿದ್ದು, ಬಳಿಕ ಕೆನೆ ಸತ್ತು ಗಾಳಿಗೆ ಒಡ್ಡಿಕೊಂಡು ಮಾಗಿದ್ದು ಅಮೊಂತಿಯಾದೊ. ಪಾಲೊ ಕೊರ್ತಾದೊ ಎಂಬ ಅಪರೂಪದ ಬಗೆಯೊಂದಿದೆ; ಪರಿಮಳದಲ್ಲಿ ಅಮೊಂತಿಯಾದೊವನ್ನೂ ತುಂಬುತನದಲ್ಲಿ ಒಲೊರೊಸೊವನ್ನೂ ಹೋಲುವ ಅದರ ಮೇಲೆ ರಸಿಕರು ಪುಟಗಟ್ಟಲೆ ಬರೆದಿದ್ದಾರೆ, ನಾವು ಮುಂದೆ ಹೋಗೋಣ.

ಇಷ್ಟು ಹೇಳಿದ ಮೇಲೆ ಎರಡು ತಪ್ಪು ತಿಳಿವಳಿಕೆಗಳು ತಾವಾಗಿಯೇ ಕಳಚುತ್ತವೆ. ಮೊದಲನೆಯದು, ಶೆರಿ ಬ್ರಾಂದಿಯಂಥ ತೀಕ್ಷ್ಣ ಮದ್ಯ ಎಂಬುದು. ಫಿನೊದಲ್ಲಿನ ಮದ್ಯಸಾರ ಊಟದ ಜೊತೆಯ ಸಾಮಾನ್ಯ ವೈನಿಗಿಂತ ಒಂದೆರಡು ಅಂಶ ಹೆಚ್ಚು, ಅಷ್ಟೇ. ಎರಡನೆಯದು, ಬಣ್ಣ ಗಾಢವಾದಷ್ಟೂ ಸಿಹಿ ಹೆಚ್ಚು ಎಂಬುದು. ಕಡು ಕಂದಾದ ಒಲೊರೊಸೊ ಮೂಲತಃ ಒಣ ವೈನ್. ಅದೇ ವೇಳೆ 'ಪೇಲ್ ಕ್ರೀಮ್' ಎಂದು ಮಾರಾಟವಾಗುವ ತಿಳಿಬಣ್ಣದ ಶೆರಿಯಲ್ಲಿ ಸಿಹಿ ಬೆರೆಸಿರುತ್ತಾರೆ. ಬಣ್ಣ ತಿಳಿಸುವುದು ಗಾಳಿ ತಾಗಿದ ಪ್ರಮಾಣವನ್ನು, ಸಕ್ಕರೆಯನ್ನಲ್ಲ.

ಹೆಪ್ಪಿನ ಲೆಕ್ಕ

ಶೆರಿಯ ಬಾಟಲಿಯ ಮೇಲೆ ಸಾಮಾನ್ಯವಾಗಿ ಕೊಯ್ಲಿನ ವರ್ಷ ಇರುವುದಿಲ್ಲ. ಕೆಲವು ಬಾಟಲಿಗಳ ಮೇಲೆ ಸೊಲೆರಾ ಎಂಬ ಪದದ ಪಕ್ಕದಲ್ಲಿ ನೂರೈವತ್ತು ವರ್ಷಗಳ ಹಿಂದಿನ ಇಸವಿಯನ್ನು ಅಚ್ಚುಮಾಡಿರುತ್ತಾರೆ. ಅದನ್ನು ಕಂಡು ಒಳಗಿನ ವೈನ್ ಅಷ್ಟು ಹಳೆಯದೆಂದು ನಂಬಿ ಹಣ ತೆತ್ತವರಿದ್ದಾರೆ. ಆ ಇಸವಿ ವೈನಿನ ವಯಸ್ಸಲ್ಲ. ಆ ಪೀಪಾಯಿಗಳ ಸಾಲನ್ನು ಸ್ಥಾಪಿಸಿದ ವರ್ಷ.

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಮನೆಯ ಮೊಸರಿನ ಪಾತ್ರೆಯೇ ಸಾಕು. ನೆನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಹೆಪ್ಪಾಗುತ್ತದೆ, ಇಂದಿನದು ನಾಳೆಗೆ. ಅಜ್ಜಿಯ ಕಾಲದ ಹೆಪ್ಪು ಇನ್ನೂ ಇದೆ ಎಂದರೆ ಸುಳ್ಳಲ್ಲ. ಹಾಗೆಂದು ತಟ್ಟೆಗೆ ಬಡಿಸಿದ ಮೊಸರು ಅಜ್ಜಿಯ ಕಾಲದ್ದಲ್ಲ. ಸೊಲೆರಾ ಪದ್ಧತಿಯಲ್ಲಿ ಅತ್ಯಂತ ಹಳೆಯ ವೈನಿನ ಪೀಪಾಯಿಗಳ ಸಾಲಿನಿಂದ ಒಂದು ಪಾಲನ್ನು ಮಾತ್ರ ತೆಗೆದು ಬಾಟಲಿಗೆ ತುಂಬುತ್ತಾರೆ. ತೆರವಾದ ಜಾಗವನ್ನು ಅದಕ್ಕಿಂತ ಕಿರಿಯ ಸಾಲಿನ ವೈನಿನಿಂದ, ಅಲ್ಲಿ ತೆರವಾದುದನ್ನು ಇನ್ನೂ ಕಿರಿಯ ಸಾಲಿನಿಂದ ಭರ್ತಿ ಮಾಡುತ್ತಾರೆ. ಕೊನೆಯ ಸಾಲಿಗೆ ಹೊಸ ವೈನ್ ಬರುತ್ತದೆ. ಯಾವ ಪೀಪಾಯಿಯೂ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಇದರ ಪ್ರಯೋಜನ ವ್ಯಾಪಾರಸ್ಥರಿಗೆ ಚೆನ್ನಾಗಿ ಅರ್ಥವಾಗುವಂಥದ್ದು: ಬೆಳೆ ಹೆಚ್ಚುಕಡಿಮೆಯಾದರೂ ಸರಕಿನ ಗುಣ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಹೊರೆಯೂ ಅಷ್ಟೇ ಸ್ಪಷ್ಟ. ದಾಸ್ತಾನಿನಲ್ಲಿ ತೊಡಗಿಸಿದ ಬಂಡವಾಳದ ದೊಡ್ಡ ಭಾಗ ಉಗ್ರಾಣ ಬಿಟ್ಟು ಹೊರಬರುವುದೇ ಇಲ್ಲ.

ವಯಸ್ಸಿನ ಬಗೆಗೆ ಖಾತರಿ ಬೇಕಾದವರಿಗಾಗಿ ಅಲ್ಲಿನ ನಿಯಂತ್ರಣ ಮಂಡಳಿ 2000ದಲ್ಲಿ ಎರಡು ಪ್ರಮಾಣಮುದ್ರೆಗಳನ್ನು ಜಾರಿಗೆ ತಂದಿತು. ವಿ.ಒ.ಎಸ್. ಎಂದಿದ್ದರೆ ಸರಾಸರಿ 20 ವರ್ಷಕ್ಕೂ ಮೇಲ್ಪಟ್ಟದ್ದು, ವಿ.ಒ.ಆರ್.ಎಸ್. ಎಂದಿದ್ದರೆ 30 ವರ್ಷಕ್ಕೂ ಮೇಲ್ಪಟ್ಟದ್ದು. ಈ ಮುದ್ರೆಗಳು ಅಮೊಂತಿಯಾದೊ, ಒಲೊರೊಸೊ ಮೊದಲಾದ ಬಗೆಗಳಿಗೆ ಮಾತ್ರ. ಫಿನೊದ ವಿಷಯದಲ್ಲಿ ಹಳೆಯದೆಲ್ಲ ಚಿನ್ನ ಎಂಬ ಮಾತು ನಡೆಯದು. ಅದು ಬಾಟಲಿಯಲ್ಲಿ ಮಾಗುವುದಿಲ್ಲ, ಬಾಡುತ್ತದೆ.

ಸಿಹಿ ಬಂದ ದಾರಿ

ಹಾಗಾದರೆ ಶೆರಿಯೆಂದರೆ ಸಿಹಿ ಎಂಬ ಭಾವನೆ ಎಲ್ಲಿಂದ ಬಂತು? ಬ್ರಿಟನ್ನಿನಿಂದ. ಚಳಿಯ ನಾಡಿನ ಗ್ರಾಹಕರು ಮೈ ಬೆಚ್ಚಗಾಗಿಸುವ ತುಂಬು ಸಿಹಿಯನ್ನು ಬಯಸಿದರು. ಒಲೊರೊಸೊಗೆ ಪೆದ್ರೊ ಹಿಮೆನೆಸ್ ಎಂಬ ದ್ರಾಕ್ಷಿಯ ಸಿಹಿ ವೈನನ್ನು ಬೆರೆಸಿದರೆ ಅಂಥ ಪಾನೀಯ ಸಿದ್ಧವಾಗುತ್ತಿತ್ತು. ಬ್ರಿಸ್ಟಲ್ ನಗರದ ಹಾರ್ವೀಸ್ ಸಂಸ್ಥೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ 'ಬ್ರಿಸ್ಟಲ್ ಕ್ರೀಮ್' ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮೊದಲೇ ಆ ನಗರದಲ್ಲಿ 'ಬ್ರಿಸ್ಟಲ್ ಮಿಲ್ಕ್' ಎಂಬ ಶೆರಿ ಪ್ರಸಿದ್ಧವಾಗಿತ್ತು. ಹೊಸ ಮಿಶ್ರಣವನ್ನು ರುಚಿನೋಡಿದ ಮಹಿಳೆಯೊಬ್ಬಳು, ಅದು ಹಾಲಾದರೆ ಇದು ಕೆನೆ ಎಂದಳೆಂಬ ಕಥೆಯನ್ನು ಸಂಸ್ಥೆಯೇ ಹೇಳಿಕೊಂಡು ಬಂದಿದೆ. ಕಥೆ ನಿಜವೋ ಅಲ್ಲವೋ, ಜಾಹೀರಾತಾಗಿ ಅದು ಅಮೂಲ್ಯ. ವಿಪರ್ಯಾಸವೆಂದರೆ, ನಿಜವಾಗಿ ಕೆನೆ ಕಟ್ಟುವ ಫಿನೊಗೆ ಆ ಹೆಸರಿಲ್ಲ. ಕೆನೆಯ ಸಂಬಂಧವೇ ಇಲ್ಲದ ಸಿಹಿ ಮಿಶ್ರಣಕ್ಕೆ ಕ್ರೀಮ್ ಎಂಬ ಹೆಸರು ನಿಂತಿತು.

ಅಂಕಿಗಳನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಫಿನೊದಲ್ಲಿ ಲೀಟರಿಗೆ 5 ಗ್ರಾಂ ಸಕ್ಕರೆಯೂ ಇರುವುದಿಲ್ಲ. ಕ್ರೀಮ್ ಶೆರಿಯಲ್ಲಿ ಲೀಟರಿಗೆ ಕನಿಷ್ಠ 115 ಗ್ರಾಂ, ಅಂದರೆ ಕೋಲಾ ಪಾನೀಯಕ್ಕಿಂತ ತುಸು ಹೆಚ್ಚೇ. ದ್ರಾಕ್ಷಿಯನ್ನು ಬಿಸಿಲಿಗೆ ಹರಡಿ ಒಣಗಿಸಿ ತಯಾರಿಸುವ ಪೆದ್ರೊ ಹಿಮೆನೆಸ್‌ನಲ್ಲಿ 212 ಗ್ರಾಂ ಕನಿಷ್ಠ ಮಿತಿ. ವಾಸ್ತವದಲ್ಲಿ ಅದು ಜೋನಿಬೆಲ್ಲದಂತೆ ಮಂದವಾಗಿ ಹರಿಯುತ್ತದೆ. ಇವೆಲ್ಲವೂ ಒಂದೇ ಹೆಸರಿನಡಿ ಮಾರಾಟವಾಗುತ್ತವೆ. ಸಿಹಿ ಬಯಸಿ ಫಿನೊ ಕೊಂಡವನೂ, ಒಣ ರುಚಿ ಬಯಸಿ ಕ್ರೀಮ್ ಕೊಂಡವನೂ ಮತ್ತೆ ಅಂಗಡಿಯ ಕಡೆ ಸುಳಿಯುವುದಿಲ್ಲ. ಸಿಹಿ ಬೆರೆಸಿದ ಒಲೊರೊಸೊವನ್ನು ಒಲೊರೊಸೊ ಎಂದೇ ಮಾರುವ ಅಭ್ಯಾಸ ಬಹುಕಾಲ ನಡೆದುಬಂತು. 2012ರಲ್ಲಿ ನಿಯಮಗಳನ್ನು ಬಿಗಿಗೊಳಿಸಿ ಸಿಹಿ ಮಿಶ್ರಣಗಳಿಗೆ ಕ್ರೀಮ್ ಎಂದೇ ನಮೂದಿಸುವ ವ್ಯವಸ್ಥೆ ಮಾಡಲಾಯಿತು. ಇದನ್ನು ಐವತ್ತು ವರ್ಷ ಮೊದಲೇ ಮಾಡಬೇಕಿತ್ತೆಂಬುದು ಈ ಲೇಖಕನ ಅಭಿಪ್ರಾಯ.

ಸಿಹಿ ಶೆರಿ ಕೀಳೆಂದು ಇದರ ಅರ್ಥವಲ್ಲ. ಒಳ್ಳೆಯ ಕ್ರೀಮ್ ಒಳ್ಳೆಯದೇ. ತೊಡಕಾದದ್ದು ಬೇರೆ: ಅಗ್ಗದ ಸಿಹಿ ಶೆರಿ ಬ್ರಿಟನ್ನಿನ ಮನೆಮನೆಯ ಕಪಾಟಿನಲ್ಲಿ, ಕಲ್ಲು ಕೆತ್ತನೆಯ ಗಾಜಿನ ಹೂಜಿಯಲ್ಲಿ, ಒಂದು ಕ್ರಿಸ್‌ಮಸ್‌ನಿಂದ ಇನ್ನೊಂದು ಕ್ರಿಸ್‌ಮಸ್‌ವರೆಗೆ ನಿಂತಿತು. ಅದನ್ನು ಕಂಡು ಬೆಳೆದ ಮಕ್ಕಳಿಗೆ ಶೆರಿ ಎಂದರೆ ಅಜ್ಜಿಯ ಪಾನೀಯ, ಎಂದೂ ಕೆಡದ ಪಾನೀಯ, ಹೆಬ್ಬೆರಳುದ್ದದ ಲೋಟದ ಪಾನೀಯ ಎಂಬ ಮೂರು ತಪ್ಪುಗಳು ಒಂದೇ ಏಟಿಗೆ ಮನಸ್ಸಿನಲ್ಲಿ ನಾಟಿದವು.

ಮೌನದ ಬೆಲೆ

ಬೇಡಿಕೆಯಿರುವಲ್ಲಿ ನಕಲು ತಪ್ಪಿದ್ದಲ್ಲ. 19ನೆಯ ಶತಮಾನದಲ್ಲಿಯೇ ಜರ್ಮನಿಯ ಹ್ಯಾಂಬರ್ಗ್ ಬಂದರಿನಿಂದ ಆಲೂಗೆಡ್ಡೆಯ ಮದ್ಯಸಾರ ಬೆರೆಸಿದ 'ಶೆರಿ' ಇಂಗ್ಲೆಂಡಿಗೆ ಬರುತ್ತಿತ್ತು. 20ನೆಯ ಶತಮಾನದಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಸೈಪ್ರಸ್‌ಗಳ ಶೆರಿಗಳು ಬಂದವು. 'ಬ್ರಿಟಿಷ್ ಶೆರಿ' ಎಂಬುದಂತೂ ವಿಚಿತ್ರ ಸರಕು: ಹೊರದೇಶಗಳಿಂದ ತರಿಸಿದ ಮಂದಗೊಳಿಸಿದ ದ್ರಾಕ್ಷಿರಸಕ್ಕೆ ನೀರು ಬೆರೆಸಿ, ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಹುದುಗಿಸಿ ತಯಾರಿಸಿದ ಪಾನೀಯ. ಅಂಗಡಿಯ ಅದೇ ಗೂಡಿನಲ್ಲಿ, ಅರ್ಧ ಬೆಲೆಗೆ, ಅದೇ ಹೆಸರಿನಲ್ಲಿ ಅದು ನಿಂತಿರುತ್ತಿತ್ತು.

ಕೊನೆಗೆ ವಿಷಯ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. ವೈನ್ ಪ್ರಾಡಕ್ಟ್ಸ್ ಮತ್ತು ಮೆಕೆಂಜಿ ಸಂಸ್ಥೆಗಳ ನಡುವಿನ ಮೊಕದ್ದಮೆಯಲ್ಲಿ 1967ರಲ್ಲಿ ಬಂದ ತೀರ್ಪು ವ್ಯಾಪಾರ ಚಿಹ್ನೆಗಳ ವಿಚಾರದಲ್ಲಿ ಆಸಕ್ತಿಯುಳ್ಳ ಪ್ರತಿಯೊಬ್ಬ ಉದ್ಯಮಿಯೂ ಗಮನಿಸಬೇಕಾದದ್ದು. ಯಾವ ವಿಶೇಷಣವೂ ಇಲ್ಲದೆ ಬರಿಯ ಶೆರಿ ಎಂದರೆ ಹೆರೆಸ್ ಪ್ರದೇಶದ ವೈನ್ ಮಾತ್ರ ಎಂದು ನ್ಯಾಯಾಲಯ ಒಪ್ಪಿತು. ಅಷ್ಟರಮಟ್ಟಿಗೆ ಗೆಲುವು. ಆದರೆ ಬ್ರಿಟಿಷ್ ಶೆರಿ, ದಕ್ಷಿಣ ಆಫ್ರಿಕಾದ ಶೆರಿ, ಸೈಪ್ರಸ್ ಶೆರಿ ಎಂಬ ಬಳಕೆಗಳನ್ನು ತಡೆಯಲು ನಿರಾಕರಿಸಿತು. ಕಾರಣ, ಹೆರೆಸ್‌ನ ತಯಾರಕರು ಇವುಗಳನ್ನು ದಶಕಗಳ ಕಾಲ ಕಣ್ಣಾರೆ ಕಂಡೂ ಆಕ್ಷೇಪಿಸದೆ ಸುಮ್ಮನಿದ್ದರು. ಹಕ್ಕು ಇತ್ತು, ಕಾಲಕ್ಕೆ ಸರಿಯಾಗಿ ಅದನ್ನು ಚಲಾಯಿಸಲಿಲ್ಲ.

ಸ್ಪೇನ್ ಯುರೋಪಿಯನ್ ಒಕ್ಕೂಟವನ್ನು ಸೇರಿದ್ದು 1986ರಲ್ಲಿ. ಒಕ್ಕೂಟದೊಳಗೆ ಶೆರಿ ಎಂಬ ಹೆಸರು ಹೆರೆಸ್ ಪ್ರದೇಶಕ್ಕೆ ಮಾತ್ರ ಮೀಸಲಾದದ್ದು 1996ರ ಜನವರಿಯಿಂದ. ಆಸ್ಟ್ರೇಲಿಯಾ ಅನಂತರ ಒಪ್ಪಂದ ಮಾಡಿಕೊಂಡು ತನ್ನ ವೈನಿಗೆ 'ಅಪೆರಾ' ಎಂಬ ಹೊಸ ಹೆಸರಿಟ್ಟುಕೊಂಡಿತು. ಅಮೆರಿಕದಲ್ಲಿ 2006ರ ಒಪ್ಪಂದಕ್ಕೆ ಮೊದಲಿನಿಂದ ಬಳಕೆಯಲ್ಲಿದ್ದ ಲೇಬಲ್ಲುಗಳಿಗೆ ವಿನಾಯಿತಿ ದೊರೆತದ್ದರಿಂದ ಕ್ಯಾಲಿಫೋರ್ನಿಯಾ ಶೆರಿ ಉಳಿದುಕೊಂಡಿದೆ. ಅಲ್ಲಿನ ದಿನಸಿ ಅಂಗಡಿಗಳಲ್ಲಿ ಉಪ್ಪು ಬೆರೆಸಿ ಮಾರುವ 'ಅಡುಗೆ ಶೆರಿ' ಕೂಡ ಇದೆ. ಉಪ್ಪು ಬೆರೆಸಿದ್ದನ್ನು ಯಾರೂ ಕುಡಿಯಲಾರರು. ಆದರೆ ಶೆರಿ ಎಂದರೆ ಅಡುಗೆಮನೆಯ ಸಾಮಾನು ಎಂಬ ಭಾವನೆಗೆ ಅದೊಂದೇ ಸಾಕಾಯಿತು.

ಇಲ್ಲಿ ನಮ್ಮ ನಾಡಿನ ಮಾತೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದದಲ್ಲಿ ವೈನ್ ಮತ್ತು ಮದ್ಯಗಳ ಭೌಗೋಳಿಕ ಹೆಸರುಗಳಿಗೆ ಇತರ ಸರಕುಗಳಿಗಿಲ್ಲದ ಹೆಚ್ಚಿನ ರಕ್ಷಣೆ ಇದೆ. ಆ ರಕ್ಷಣೆಯನ್ನು ಎಲ್ಲ ಸರಕುಗಳಿಗೂ ವಿಸ್ತರಿಸಬೇಕೆಂದು ವಾದಿಸುತ್ತ ಬಂದ ದೇಶಗಳಲ್ಲಿ ಭಾರತವೂ ಒಂದು. ನಮ್ಮಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಬಿದರಿ ಕಲೆಗಳಿಗೆ ನೋಂದಣಿಯೂ ಆಗಿದೆ. ನೋಂದಣಿಯಾದ ಹೆಸರನ್ನು ಯಾರು, ಎಲ್ಲಿ, ಹೇಗೆ ಬಳಸುತ್ತಿದ್ದಾರೆಂಬುದನ್ನು ಕಾಯುವ ಕೆಲಸ ಮಾತ್ರ ಹೆಸರಿನ ಒಡೆಯರದೇ.

ಬೆಲೆ ಇಳಿಸಿದವರು

ಶೆರಿಯ ರಫ್ತು ಉತ್ತುಂಗಕ್ಕೇರಿದ್ದು 1979ರಲ್ಲಿ. ಆ ವರ್ಷ ಸುಮಾರು 15 ಕೋಟಿ ಲೀಟರ್ ಶೆರಿ ಹೊರದೇಶಗಳಿಗೆ ಹೋಯಿತು. ಅದೇ ಕಾಲದಲ್ಲಿ ಹೊಸೆ ಮರಿಯಾ ರುಯಿಸ್ ಮತೆಯೊಸ್ ಎಂಬ ಉದ್ಯಮಿಯ ರೂಮಾಸಾ ಸಮೂಹ ಹೆರೆಸ್‌ನ ಹಳೆಯ ಸಂಸ್ಥೆಗಳನ್ನು ಒಂದರ ಹಿಂದೊಂದರಂತೆ ಕೊಂಡುಕೊಳ್ಳುತ್ತಿತ್ತು. ಮಾರಾಟದ ಪ್ರಮಾಣವನ್ನು ಹಿಗ್ಗಿಸುವುದೇ ಅದರ ತಂತ್ರ. ಬೆಲೆಯನ್ನು ಇಳಿಸಿ, ಸೂಪರ್ ಮಾರ್ಕೆಟ್ಟುಗಳ ಸ್ವಂತ ಹೆಸರಿನ ಬಾಟಲಿಗಳಿಗೆ ಸರಕು ಪೂರೈಸುವ ಪೈಪೋಟಿ ಆರಂಭವಾಯಿತು. ಪ್ರತಿಸ್ಪರ್ಧಿಗಳೂ ವಿಧಿಯಿಲ್ಲದೆ ಅದೇ ದಾರಿ ಹಿಡಿದರು. ಸಾಲದ ಮೇಲೆ ಸಾಲ ಕಟ್ಟಿ ನಿಲ್ಲಿಸಿದ ಆ ಸಮೂಹವನ್ನು 1983ರ ಫೆಬ್ರವರಿಯಲ್ಲಿ ಸ್ಪೇನ್ ಸರ್ಕಾರ ವಶಪಡಿಸಿಕೊಂಡಿತು. ಅಷ್ಟರಲ್ಲಿ ಬ್ರಿಟನ್ ಮತ್ತು ನೆದರ್‌ಲೆಂಡ್ಸ್ ಗ್ರಾಹಕರ ಮನಸ್ಸಿನಲ್ಲಿ ಶೆರಿ ಎಂದರೆ ಅಗ್ಗದ ಮಾಲು ಎಂಬುದು ಅಚ್ಚೊತ್ತಿಯಾಗಿತ್ತು. ಬೇಡಿಕೆ ಕುಸಿಯಿತು; ಸರ್ಕಾರದ ಸಹಾಯಧನದಿಂದಲೇ ಬಳ್ಳಿಗಳನ್ನು ಬೇರುಸಹಿತ ಕಿತ್ತರು. ಆರಂಭದಲ್ಲಿ ಹೇಳಿದ 7,000 ಹೆಕ್ಟೇರಿನ ಲೆಕ್ಕ ಇದರ ಫಲ.

ಹದಿನೈದು ಕೋಟಿ ಲೀಟರ್ ಮಾರಿದ ವರ್ಷವನ್ನು ಹೆರೆಸ್‌ನವರು ಆಗ ವಿಜಯದ ವರ್ಷವೆಂದೇ ಎಣಿಸಿದ್ದರೆ ಆಶ್ಚರ್ಯವಿಲ್ಲ. ಪ್ರಮಾಣದ ಅಂಕಿ ಏರುತ್ತಿರುವಾಗ ಲೀಟರಿಗೆ ಸಿಗುವ ಹಣದ ಅಂಕಿಯನ್ನು ಯಾರು ನೋಡುತ್ತಾರೆ?

ಇತ್ತೀಚಿನ ದಶಕಗಳಲ್ಲಿ ಉಳಿದುಕೊಂಡ ತಯಾರಕರು ಎದುರು ದಾರಿ ಹಿಡಿದಿದ್ದಾರೆ: ಕಡಿಮೆ ಪ್ರಮಾಣ, ಹೆಚ್ಚಿನ ಬೆಲೆ, ಪೀಪಾಯಿಯಿಂದ ತೆಗೆದು ಅತಿ ಕಡಿಮೆ ಸೋಸಿ ತುಂಬಿಸಿದ 'ಎನ್ ರಾಮಾ' ಎಂಬ ಬಗೆ, ಲಂಡನ್ನಿನಂಥ ನಗರಗಳಲ್ಲಿ ಶೆರಿಗೆಂದೇ ಮೀಸಲಾದ ಮದ್ಯಶಾಲೆಗಳು.

ಇನ್ನೊಂದು ಆದಾಯ ಬಂದ ಬಗೆ ಕುತೂಹಲಕರ. ಸ್ಕಾಚ್ ವಿಸ್ಕಿಯನ್ನು ಶೆರಿ ಪೀಪಾಯಿಗಳಲ್ಲಿ ಮಾಗಿಸುವುದು ಓದುಗರಿಗೆ ತಿಳಿದ ವಿಷಯ. ಆ ಪೀಪಾಯಿಗಳು ನೂರು ವರ್ಷ ಹಳೆಯ ಸೊಲೆರಾದಿಂದ ಬಂದವೆಂದು ನಂಬುವವರು ಬಹಳ. ಅದೂ ತಪ್ಪು. ಹಿಂದೆ ಶೆರಿ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಹೋಗುತ್ತಿತ್ತು; ಖಾಲಿಯಾದವು ವಿಸ್ಕಿಯವರ ಪಾಲಾಗುತ್ತಿದ್ದವು. 1980ರ ದಶಕದಲ್ಲಿ ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂಬ ನಿಯಮ ಬಂದು ಆ ದಾರಿ ಮುಚ್ಚಿತು. ಈಗ ವಿಸ್ಕಿ ತಯಾರಕರ ಬೇಡಿಕೆಯ ಮೇರೆಗೆ ಹೊಸ ಪೀಪಾಯಿಗಳನ್ನು ಕಟ್ಟಿ, ಒಂದೆರಡು ವರ್ಷ ಅವುಗಳಲ್ಲಿ ಶೆರಿ ತುಂಬಿಟ್ಟು ಹದಗೊಳಿಸಿ ಕಳುಹಿಸುತ್ತಾರೆ. ಹದಗೊಳಿಸಲು ಬಳಸಿದ ವೈನ್ ಬಹುಮಟ್ಟಿಗೆ ಭಟ್ಟಿಗೋ ವಿನಿಗರ್ ತಯಾರಿಕೆಗೋ ಹೋಗುತ್ತದೆ. ಸೊಲೆರಾದ ಹಳೆಯ ಪೀಪಾಯಿ ಅಲುಗುವುದೇ ಅಪರೂಪ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಕೂಡ 2010ರಲ್ಲಿ ಶೆರಿ ಪೀಪಾಯಿಯಲ್ಲಿ ಕೆಲಕಾಲ ಮಾಗಿಸಿದ ಸಿಂಗಲ್ ಮಾಲ್ಟ್ ಒಂದನ್ನು ಹೊರತಂದಿತು.

ಸೇವಿಸುವ ಬಗೆ

ಫಿನೊ ಮತ್ತು ಮನ್ಸಾನಿಯಾಗಳನ್ನು 7ರಿಂದ 9 ಡಿಗ್ರಿ ಸೆಲ್ಸಿಯಸ್ಸಿನಷ್ಟು ತಣ್ಣಗೆ ಬಡಿಸಬೇಕು. ಬಿಳಿ ವೈನಿಗೆ ಬಳಸುವ ಸಾಮಾನ್ಯ ಲೋಟವೇ ಸಾಕು. ಮೂರನೆಯ ಒಂದು ಭಾಗ ತುಂಬಿದರೆ ಪರಿಮಳ ಹರಡಲು ಜಾಗ ಉಳಿಯುತ್ತದೆ. ಇಂಗ್ಲಿಷರ ಹೆಬ್ಬೆರಳು ಲೋಟವನ್ನು ಅಂಚಿನವರೆಗೆ ತುಂಬಿದರೆ ಮೂಗಿಗೆ ಏನೂ ಸಿಗುವುದಿಲ್ಲ. ಮುಚ್ಚಳ ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸುವುದು ಒಳಿತು. ಪೀಪಾಯಿಯಲ್ಲಿ ಕೆನೆಯ ಕಾವಲಿನಲ್ಲಿದ್ದ ವೈನ್ ಅದು. ಗಾಳಿಯ ಅಭ್ಯಾಸವೇ ಅದಕ್ಕಿಲ್ಲ. ತೆರೆಯದ ಬಾಟಲಿಯನ್ನೂ ಒಂದು ವರ್ಷಕ್ಕಿಂತ ಹೆಚ್ಚು ಇಡುವುದು ಬೇಡ. ಕೊಳ್ಳುವಾಗ ಬಾಟಲಿ ತುಂಬಿದ ದಿನಾಂಕ ನಮೂದಾಗಿದೆಯೇ ನೋಡಬೇಕು, ಚಿಕ್ಕ ಕುಟುಂಬದವರು 375 ಮಿಲಿಲೀಟರಿನ ಅರ್ಧ ಬಾಟಲಿಯನ್ನೇ ಆರಿಸಬೇಕು. ವಿಮಾನ ನಿಲ್ದಾಣದ ಮಳಿಗೆಯಲ್ಲಿ ಕಡಿಮೆ ದರಕ್ಕೆ ಸಿಕ್ಕಿತೆಂದು ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ಫಿನೊ ತಂದರೆ ನಿರಾಸೆ ಖಚಿತ.

ಅಮೊಂತಿಯಾದೊ, ಒಲೊರೊಸೊಗಳಿಗೆ 12ರಿಂದ 14 ಡಿಗ್ರಿ ಹಿತ. ಗಾಳಿಯೊಡನೆ ವರ್ಷಗಟ್ಟಲೆ ಒಡನಾಡಿದ ಅವು ತೆರೆದ ಮೇಲೂ ಹಲವು ವಾರ ತಾಳುತ್ತವೆ.

ಆಹಾರದ ಜೊತೆ ಸೇವಿಸುವುದೇ ಹೆರೆಸ್‌ನ ಕ್ರಮ. ಊಟಕ್ಕೆ ಮೊದಲ ಪಾನೀಯವೆಂಬ ಕಟ್ಟುಪಾಡು ಅಲ್ಲಿಲ್ಲ. ಈಜುವುದಕ್ಕೆ ಫಿನೊ, ಹಾರುವುದಕ್ಕೆ ಅಮೊಂತಿಯಾದೊ, ಓಡುವುದಕ್ಕೆ ಒಲೊರೊಸೊ ಎಂಬುದು ಅಲ್ಲಿನ ಜನ ಬಳಸುವ ಸುಲಭ ಸೂತ್ರ. ಅಂದರೆ ಮೀನು, ಕೋಳಿ, ಕುರಿಗಳಿಗೆ ಕ್ರಮವಾಗಿ ಒಂದೊಂದು. ಶಾಕಾಹಾರಿಗಳಿಗೂ ಕೊರತೆಯಿಲ್ಲ. ಉಪ್ಪು ಹಾಕಿ ಹುರಿದ ಬಾದಾಮಿ, ಆಲಿವ್ ಕಾಯಿಗಳ ಜೊತೆ ಫಿನೊದಷ್ಟು ಹೊಂದುವ ವೈನ್ ಇನ್ನೊಂದಿಲ್ಲ. ಇತರ ವೈನುಗಳ ರುಚಿ ಕೆಡಿಸುವ ಆರ್ಟಿಚೋಕ್, ಶತಾವರಿ ಚಿಗುರುಗಳೂ ಇದರೆದುರು ಸೋಲುತ್ತವೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ವಿಷಯವನ್ನು ವಿಚಾರಿಸಿ ತಿಳಿಯುವುದು ಉಚಿತ. ಶೆರಿಯನ್ನು ತಿಳಿಗೊಳಿಸಲು ಸಾಂಪ್ರದಾಯಿಕವಾಗಿ ಮೊಟ್ಟೆಯ ಬಿಳಿಭಾಗವನ್ನು ಬಳಸುತ್ತಿದ್ದರು. ಉಳಿದ ಹಳದಿಯನ್ನು ಕ್ರೈಸ್ತ ಸನ್ಯಾಸಿನಿಯರ ಮಠಗಳಿಗೆ ಕೊಡುತ್ತಿದ್ದರು. ಅವರು ಅದರಿಂದ ತಯಾರಿಸಿದ ಸಿಹಿ ತಿನಿಸು ಇಂದಿಗೂ ಹೆರೆಸ್‌ನ ವಿಶೇಷ. ಈಗ ಜೇಡಿ ಖನಿಜವನ್ನು ಬಳಸುವವರೂ ಇದ್ದಾರೆ.

ಶೆರಿ ವೃದ್ಧರ ಪಾನೀಯವೆಂಬ ಅನುಮಾನ ಇನ್ನೂ ಉಳಿದಿದ್ದರೆ, ಏಪ್ರಿಲ್ ಜಾತ್ರೆಯ ಸೆವಿಯಾ ನಗರವನ್ನೋ ಮೇ ತಿಂಗಳ ಕುದುರೆ ಜಾತ್ರೆಯ ಹೆರೆಸ್ ಪಟ್ಟಣವನ್ನೋ ನೋಡಬೇಕು. ಅಲ್ಲಿನ ಯುವಜನರು ಮನ್ಸಾನಿಯಾಗೆ ನಿಂಬೆ ಸೋಡಾ, ಮಂಜುಗಡ್ಡೆ, ಪುದೀನ ಸೇರಿಸಿ ರೆಬುಹಿತೊ ಎಂದು ಕರೆದು ಹೂಜಿಗಟ್ಟಲೆ ಕುಡಿಯುತ್ತಾರೆ. ಹಿರಿಯರು ಮುಖ ಸಿಂಡರಿಸುತ್ತಾರೆಂದು ಬೇರೆ ಹೇಳಬೇಕಿಲ್ಲ.

ಹಲವು ಬಗೆಗಳನ್ನು ಒಟ್ಟಿಗೆ ರುಚಿನೋಡುವ ಅವಕಾಶ ಸಿಕ್ಕರೆ ಫಿನೊದಿಂದ ಆರಂಭಿಸಬೇಕು. ಸಿಹಿಯ ನಂತರ ಅದು ಕಹಿಯೆನಿಸುತ್ತದೆ. ಕೊನೆಗೆ ಪೆದ್ರೊ ಹಿಮೆನೆಸ್. ಅದನ್ನು ಲೋಟದಲ್ಲಿ ಕುಡಿಯುವುದು ಎಲ್ಲರಿಗೂ ಸಾಧ್ಯವಾಗದು. ವೆನಿಲ್ಲಾ ಐಸ್‌ಕ್ರೀಮಿನ ಮೇಲೆ ಎರಡು ಚಮಚ ಸುರಿದುಕೊಳ್ಳುವುದು ಹೆರೆಸ್‌ನ ಹೋಟೆಲುಗಳಲ್ಲೇ ರೂಢಿಯಲ್ಲಿದೆ. ವಾರ ಕಳೆದ ಮೇಲೂ ಫ್ರಿಜ್ಜಿನಲ್ಲಿ ಫಿನೊ ಉಳಿದಿದ್ದರೆ ಅದನ್ನು ಅತಿಥಿಗಳಿಗೆ ಕೊಡದೆ ಅಣಬೆಯ ಸೂಪಿಗೆ ಹಾಕಬಹುದು.